ಮುಳ್ಳು ಬಿಡಿಸುವ ಕೈಯ ಅಳತೆ

ಆ ಪೊಟ್ಟಣದ ಮೇಲೆ ಒಬ್ಬ ಹೆಂಗಸಿನ ಚಿತ್ರವಿತ್ತು. ಕೂದಲು ಬಿಟ್ಟುಕೊಂಡು, ಪುಟ್ಟ ಹೂಕುಂಡ ಹಿಡಿದು ನಗುತ್ತಿದ್ದಳು. ಒಳಗಿದ್ದ ಕೈಗವಸು ತಿಳಿ ಗುಲಾಬಿ ಬಣ್ಣದ್ದು. ಬೆರಳುಗಳ ಮೇಲೆಲ್ಲ ಸಣ್ಣ ಸಣ್ಣ ಬಿಳಿ ಹೂ. ಮಣಿಕಟ್ಟಿನ ಒಳಗೆ ಇಂಗ್ಲಿಷಿನ ಒಂದು ಚೀಟಿ ಹೊಲಿದಿದ್ದರು. ಅಷ್ಟು ಇಂಗ್ಲಿಷು ನನಗೂ ಬರುತ್ತದೆ. ಲೇಡೀಸ್ ಎಂದಿತ್ತು.

ದೊಡ್ಡಬಳ್ಳಾಪುರದಿಂದ ಮಧುರೆ ಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಗುಲಾಬಿ ತೋಟವಿತ್ತು. ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಅಲ್ಲಿ ಹೂ ವಿಂಗಡಿಸುವ ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಉದ್ದನೆಯ ಒಂದು ಮೇಜು, ಅದರ ಎರಡು ಬದಿಗೆ ನಾವು ಎಂಟು ಜನ ಹೆಂಗಸರು. ಬೆಳಿಗ್ಗೆ ಪ್ಲಾಸ್ಟಿಕ್ ಸೂರಿನ ಪಾಲಿಹೌಸಿನಲ್ಲಿ ಕೊಯ್ದ ಹೂ ನೀರಿನ ಬಕೆಟ್ಟುಗಳಲ್ಲಿ ಬರುತ್ತಿತ್ತು. ಎಡಗೈಯಲ್ಲಿ ಐದಾರು ಕಡ್ಡಿ ಹಿಡಿದು, ಬಲಗೈಯಲ್ಲಿ ಕೆಳಗಿನ ಒಂದು ಗೇಣಿನಷ್ಟು ಎಲೆ, ಮುಳ್ಳು ಬಿಡಿಸಬೇಕು. ಮೇಜಿನ ಮೇಲೆ ಬರೆದ ಗೆರೆಗೆ ಹಿಡಿದು ಉದ್ದ ನೋಡಬೇಕು. ಒಂದೇ ಉದ್ದದ ಇಪ್ಪತ್ತು ಹೂವನ್ನು ಮೊಗ್ಗಿನ ತಲೆ ಸಮ ಮಾಡಿ, ಗೀರುಗೀರಿನ ರಟ್ಟು ಸುತ್ತಿ, ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಬುಡ ಕತ್ತರಿಸಿ ಮತ್ತೆ ನೀರಿಗಿಡಬೇಕು. ಅಲ್ಲಿಂದ ಅದು ಕೋಲ್ಡ್ ರೂಮಿಗೆ ಹೋಗುತ್ತದೆ. ಎಸಳಿಗೆ ಗೀರು ಬಿದ್ದರೆ, ಕತ್ತು ಮುರಿದರೆ, ಆ ಹೂವು ಪಕ್ಕದ ರಿಜೆಕ್ಟ್ ಬಕೆಟ್ಟಿಗೆ.

ಫೆಬ್ರವರಿಯ ಪ್ರೇಮಿಗಳ ದಿನದ ಹೂವಿಗೆ ತೋಟದವರು ವರ್ಷವಿಡೀ ಕಾಯುತ್ತಾರೆ. ವಿಮಾನದಲ್ಲಿ ಹೋಗುವ ಆ ಹೂವಿನ ಲೋಡು ಮುಂದಿನ ಸೋಮವಾರದಿಂದ ಶುರು ಎನ್ನುವಾಗ ಈ ಪೊಟ್ಟಣ ಬಂತು. ಅಲ್ಲಿಯವರೆಗೆ ನಾವು ಹಾಕಿಕೊಳ್ಳುತ್ತಿದ್ದದ್ದು ಗಂಡಸರ ಚರ್ಮದ ಕೈಗವಸು. ನಮ್ಮ ಬೆರಳು ಮುಗಿದ ಮೇಲೂ ಅರ್ಧ ಇಂಚು ಚರ್ಮ ಜೋತಾಡುತ್ತಿತ್ತು. ಜಾರದಿರಲೆಂದು ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಬಿಗಿಯುತ್ತಿದ್ದೆವು. ಅವು ಬೆರಳ ತುದಿಯಲ್ಲಿ ತೂತು ಬಿದ್ದು ಹಳೆಯವಾಗಿದ್ದವು.

ಮೇಲ್ವಿಚಾರಕರು ನಿಮ್ಮಮ್ಮನ ವಯಸ್ಸಿನ ಹುಡುಗ. ಪೊಟ್ಟಣ ಹಂಚುವಾಗ ಅವರಿಗೇ ಸಂಭ್ರಮ.

"ನೋಡ್ರಮ್ಮ, ನಿಮಗೇ ಅಂತ ಸ್ಪೆಷಲ್ಲಾಗಿ ತರ್ಸಿದ್ದೀನಿ. ಲೇಡೀಸ್ ಗ್ಲೌಸು."

ನಮಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ನನ್ನ ಕೈಗೆ ಮೊದಲ ಸಲ ಬೆರಳ ತುದಿವರೆಗೂ ಸರಿಯಾಗಿ ಕೂರುವ ಒಂದು ವಸ್ತು ಸಿಕ್ಕಿತ್ತು. ತಿರುಗಿಸಿ ತಿರುಗಿಸಿ ನೋಡಿಕೊಂಡೆ. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ ಮಧುರೆಯವಳಿಗೆ ಮಾತ್ರ ಅದು ಗೆಣ್ಣಿನಿಂದ ಆಚೆ ಹೋಗಲೇ ಇಲ್ಲ. ಅವಳದು ಗುದ್ದಲಿ ಹಿಡಿದ ಅಗಲದ ಕೈ.

"ಇದೇನ್ ಕೂಸಿನ ಕುಲಾವಿನಾ ಸಾರ್?" ಎಂದಳು. "ನಾನು ಲೇಡೀಸ್ ಅಲ್ವಾ ಹಂಗಾದ್ರೆ?"

ಎಲ್ಲರೂ ನಕ್ಕರು. ಅವಳು ಗಂಡಸರ ತನ್ನ ಹಳೆಯ ಕೈಗವಸನ್ನೇ ಹಾಕಿಕೊಂಡಳು. ಅದು ಅವಳಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತಿತ್ತು.

ಮಧ್ಯಾಹ್ನದ ಊಟದ ಹೊತ್ತಿಗೆ ಗೊತ್ತಾಯಿತು. ಹೊಸ ಕೈಗವಸು ಬರೀ ಹೆಣೆದ ಬಟ್ಟೆ. ಅಂಗೈಗೆ ರಬ್ಬರಿನ ತೆಳು ಲೇಪ ಇತ್ತಷ್ಟೆ. ಮುಳ್ಳು ಬೆಣ್ಣೆಗೆ ನಾಟಿದಂತೆ ನಾಟುತ್ತಿತ್ತು. ಅದನ್ನಾದರೂ ಸಹಿಸಬಹುದು. ಮುಳ್ಳಿಗೆ ನೂಲು ಸಿಕ್ಕಿಕೊಂಡರೆ ಮಾತ್ರ ಕಷ್ಟ. ಕೈ ಎಳೆದರೆ ಕಡ್ಡಿಯೂ ಜೊತೆಗೇ ಬಂದು, ಮೊಗ್ಗಿನ ಕತ್ತು ಟಕ್ಕೆಂದು ಮುರಿಯುತ್ತಿತ್ತು. ಸಂಜೆಗೆ ರಿಜೆಕ್ಟ್ ಬಕೆಟ್ಟು ತುಂಬಿ, ಇನ್ನೊಂದು ಬಕೆಟ್ಟು ತರಬೇಕಾಯಿತು.

ಮಂಗಳವಾರವೂ ಅದೇ. ಮೇಲ್ವಿಚಾರಕರು ಬಕೆಟ್ಟಿನಲ್ಲಿ ಕೈಯಾಡಿಸಿ, ಮುರಿದ ಕತ್ತುಗಳನ್ನು ನೋಡಿ, ಮೇಜಿನ ತುದಿಗೆ ಬಂದು ನಿಂತರು.

"ಸೋಮ್ವಾರದಿಂದ ದಿನಕ್ಕೆ ಈಗಿನ ಎರಡರಷ್ಟು ಹೂ ಬರತ್ತೆ. ಶನಿವಾರದೊಳಗೆ ಈ ಟೇಬಲ್ ಸರಿಹೋಗ್ಲಿಲ್ಲ ಅಂದ್ರೆ ನಾನು ಹೊಸಕೋಟೆ ಕಡೆಯಿಂದ ಬೇರೆ ತಂಡ ಕರೆಸ್ತೀನಿ. ನೀವೆಲ್ಲ ಒಳಗೆ ಕಳೆ ಕೀಳೋಕೆ ಹೋಗ್ಬೇಕಾಗತ್ತೆ."

ಒಳಗೆ ಎಂದರೆ ಪ್ಲಾಸ್ಟಿಕ್ ಸೂರಿನ ಕೆಳಗೆ, ಆ ಸೆಕೆಯಲ್ಲಿ, ದಿನವಿಡೀ ಕುಕ್ಕರಗಾಲಲ್ಲಿ. ನನ್ನ ಮಂಡಿ ಆಗಲೇ ಹಟ ಹಿಡಿದಿತ್ತು, ಕೂತರೆ ಏಳಲು ಯಾರಾದರೂ ಕೈ ಕೊಡಬೇಕಿತ್ತು. ಕಳೆಯ ಕೆಲಸಕ್ಕೆ ಹಾಕಿದರೆ ನಾನು ಒಂದು ವಾರವೂ ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಇನ್ನೂ ಒಂದು ಮಾತಿದೆ. ಆ ಮೇಜು ನನಗೆ ಇಷ್ಟವಾಗಿತ್ತು. ಮೊಗ್ಗುಗಳ ತಲೆ ಒಂದೇ ಸಮಕ್ಕೆ ಬಂದು ಕಟ್ಟು ನಿಂತಾಗ ಮನಸ್ಸಿಗೆ ಆಗುವ ಸಮಾಧಾನ ಇನ್ಯಾವ ಕೆಲಸದಲ್ಲೂ ನನಗೆ ಸಿಕ್ಕಿರಲಿಲ್ಲ.

"ಗ್ಲೌಸ್ ಸರಿಯಿಲ್ಲ ಸಾರ್, ಅದಕ್ಕೇ ಕತ್ತು ಮುರೀತಿರೋದು" ಎಂದಳು ಮಧುರೆಯವಳು.

"ಪ್ಯಾಕೆಟ್ ಮೇಲೆ ಲೇಡೀಸ್ ಗ್ಲೌಸ್ ಅಂತ ಬರೆದವ್ರೆ. ನೀವೇ ಅದನ್ನ ಸರಿಯಿಲ್ಲ ಅಂದ್ರೆ ಹೆಂಗೆ? ನೀವಂತೂ ಅದನ್ನ ಹಾಕ್ಕೊಂಡೇ ಇಲ್ಲ, ನಿಮಗೇನ್ ಗೊತ್ತು?"

ಹಾಕಿಕೊಂಡಿದ್ದ ನಾನು ಮಾತಾಡಬೇಕಿತ್ತು. ಮಾತು ನನಗೆ ನಾಲಿಗೆಯವರೆಗೆ ಬರುತ್ತದೆ, ಹಲ್ಲಿನ ಹಿಂದೆ ನಿಂತುಬಿಡುತ್ತದೆ. ತಲೆ ಬಗ್ಗಿಸಿಕೊಂಡು ಮುಳ್ಳು ಬಿಡಿಸಿದೆ.

ಶೆಡ್ಡಿನ ಹಿಂದೆ ಒಂದು ಮೂಟೆಯಲ್ಲಿ ನಮ್ಮ ಹಳೆಯ ಚರ್ಮದ ಕೈಗವಸುಗಳನ್ನು ಎಸೆಯಲೆಂದು ಕಟ್ಟಿಟ್ಟಿದ್ದರು. ಸಂಜೆ ಕೈ ತೊಳೆಯಲು ಹೋದಾಗ ಕಣ್ಣಿಗೆ ಬಿತ್ತು. ತೂತು ಬಿದ್ದದ್ದು ಬೆರಳ ತುದಿಯಲ್ಲಿ ಮಾತ್ರ, ನನ್ನ ಬೆರಳು ತಲುಪದಿದ್ದ ಆ ಅರ್ಧ ಇಂಚಿನಲ್ಲಿ. ಕೆಳಗಿನ ಚರ್ಮ ಗಟ್ಟಿಯಾಗಿಯೇ ಇತ್ತು. ಹಾಗಾದರೆ ತುದಿ ಕತ್ತರಿಸಿ, ಬದಿ ಕಿರಿದು ಮಾಡಿ ಹೊಲಿದರೆ? ಊರಿನವರಿಗೆ ರವಿಕೆ ಹೊಲಿದು ಅಭ್ಯಾಸವಿದ್ದವಳು ನಾನು. ತಾಯಿಯ ರವಿಕೆಯನ್ನು ಮಗಳಿಗೆ ಹಿಡಿಸುವಂತೆ ಚಿಕ್ಕದು ಮಾಡಿಕೊಡುವುದು ನನಗೆ ಹೊಸದಲ್ಲ.

ತೋಟದಿಂದ ಏನನ್ನೂ ಚೀಟಿಯಿಲ್ಲದೆ ಗೇಟು ದಾಟಿಸಬಾರದೆಂಬ ನಿಯಮವಿತ್ತು. ಎಸೆಯುವ ವಸ್ತುವೇ ಆದರೂ ನಿಯಮ ನಿಯಮವೇ. ಎರಡು ಜೊತೆಯನ್ನು ಊಟದ ಡಬ್ಬಿಯ ಕೆಳಗಿಟ್ಟುಕೊಂಡು ಹೊರಟೆ. ಗೇಟಿನವರು ನನ್ನ ಕಡೆ ನೋಡಲೂ ಇಲ್ಲ. ಆದರೂ ಬಸ್ಸು ಹತ್ತುವವರೆಗೆ ಡಬ್ಬಿಯ ಚೀಲವನ್ನು ಸೆರಗಿನಡಿ ಅವುಚಿಕೊಂಡೇ ನಡೆದೆ.

ಎಡಗೈಯದ್ದನ್ನು ಮಾತ್ರ ಮಾಡೋಣ ಎಂದುಕೊಂಡೆ. ಕಡ್ಡಿ ಹಿಡಿಯುವುದು ಎಡಗೈ, ಮೊಗ್ಗು ಸಮ ಮಾಡುವುದೂ ಅದೇ. ಬಲಗೈಗೆ ದೊಡ್ಡದಿದ್ದರೂ ನಡೆಯುತ್ತದೆ. ಹೊಲಿಗೆ ಬಿಚ್ಚಿ, ಕೈಯನ್ನು ಹಳೆಯ ಕ್ಯಾಲೆಂಡರಿನ ಮೇಲೆ ಅಗಲಿಸಿಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಆ ಗೆರೆಗೆ ಸರಿಯಾಗಿ ಚರ್ಮ ಕತ್ತರಿಸಿದೆ. ಮನೆಯ ಹೊಲಿಗೆ ಮಿಷನ್ನಿಗೆ ಕೊಟ್ಟರೆ ಸೂಜಿ ಮುರಿಯಿತು. ಇನ್ನೊಂದು ಹಾಕಿದೆ, ಅದೂ ಮುರಿಯಿತು.

ಬುಧವಾರ ಒಂದು ಬಸ್ಸು ಮುಂಚೆ ಹೊರಟು, ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಪಕ್ಕ ಚಪ್ಪಲಿ ಹೊಲಿಯುವ ಹಿರಿಯರ ಹತ್ತಿರ ಹೋದೆ. ಕತ್ತರಿಸಿದ ಚರ್ಮ ತೋರಿಸಿದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಏನ್ ತಾಯಿ ಇದು, ಯಾರ್ ಕೈ ಸುಲ್ಕೊಂಡ್ ಬಂದ್ರಿ?"

ನನಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಮಾತು ಸುಲಭವಾಯಿತು. ಎಲ್ಲ ಹೇಳಿದೆ.

"ಬಟ್ಟೆ ಹೊಲ್ದಂಗೆ ಹೊಲೀಬಾರ್ದು ಕಣಮ್ಮ. ಚರ್ಮಕ್ಕೆ ಮೊದ್ಲು ತೂತು, ಆಮೇಲೆ ದಾರ." ಚೂಪು ಉಳಿಯಿಂದ ಒಂದೊಂದೇ ತೂತು ಚುಚ್ಚಿ ತೋರಿಸಿದರು. ಜೋಳದ ಕಾಳಿನಷ್ಟು ಅಂತರ. ದಾರಕ್ಕೆ ಮೇಣ ಎಳೆದರು. ಎರಡು ಸೂಜಿ, ಒಂದೇ ತೂತಿನಲ್ಲಿ ಒಂದು ಆ ಕಡೆಯಿಂದ, ಒಂದು ಈ ಕಡೆಯಿಂದ. "ಹೊಲಿಗೆ ಹೊರಗಡೆಗೇ ಬರ್ಲಿ. ಒಳಗೆ ಹಾಕಿದ್ರೆ ನಿಮ್ ಬೆರಳು ತುರೀತದೆ."

ರವಿಕೆಯ ಹೊಲಿಗೆಯನ್ನು ಜೀವಮಾನವಿಡೀ ಒಳಗೆ ಬಚ್ಚಿಟ್ಟವಳಿಗೆ ಇದು ವಿಚಿತ್ರವೆನಿಸಿತು. ಹಳೆಯ ಒಂದು ಉಳಿಯನ್ನು ಅವರೇ ಕೊಟ್ಟರು. "ಕೆಲ್ಸ ಆದ್ಮೇಲೆ ತಂದ್ಕೊಡಿ, ಅವಸರ ಇಲ್ಲ" ಎಂದರು.

ಅಂದು ಸಂಜೆ ಕೂತು ಹೊಲಿದೆ. ಹಾಕಿಕೊಂಡರೆ ಚರ್ಮ ನನ್ನದೇ ಎನ್ನುವಂತೆ ಕೂತಿತು. ನಿಮ್ಮಮ್ಮನಿಗೂ ತೋರಿಸಿ ಬೀಗಿದೆ.

ಗುರುವಾರ ಬೆಳಿಗ್ಗೆ ಮೇಜಿನ ಮುಂದೆ ನಿಂತು ಐದು ಕಡ್ಡಿ ಹಿಡಿಯಲು ಹೋದರೆ ಕೈ ಮುಚ್ಚುತ್ತಲೇ ಇಲ್ಲ. ಬೆರಳು ಅರ್ಧ ಬಾಗಿ ನಿಂತುಬಿಟ್ಟವು. ಬಲವಂತ ಮಾಡಿದಾಗ ಹೆಬ್ಬೆರಳ ಬುಡದ ಹೊಲಿಗೆ ಬಿಟ್ಟುಕೊಂಡು, ಅಲ್ಲೇ ಒಂದು ಮುಳ್ಳು ಹೊಕ್ಕಿತು.

ಮಧುರೆಯವಳು ನನ್ನ ಕೈ ಹಿಡಿದು ನೋಡಿದಳು. "ಅಕ್ಕ, ನೀನು ಗ್ಲೌಸ್ ಹೊಲ್ದಿಲ್ಲ, ಮದ್ವೆಗೆ ರವಿಕೆ ಹೊಲ್ದಿದ್ದೀಯ. ನೋಡೋಕ್ ಚೆಂದ, ಉಸಿರಾಡೋಕ್ ಜಾಗ ಇಲ್ಲ."

ಎಷ್ಟು ನಿಜ! ಅಳತೆ ತೆಗೆದಾಗ ನನ್ನ ಕೈ ಸುಮ್ಮನೆ ಮಲಗಿತ್ತು. ನಾವು ರವಿಕೆಗೆ ಅಳತೆ ತೆಗೆಯುವುದೂ ಹಾಗೆಯೇ, ಕೈ ಇಳಿಬಿಟ್ಟು ನೇರ ನಿಲ್ಲಿಸಿ. ರವಿಕೆ ತೊಟ್ಟು ಬಾವಿ ಸೇದುವಾಗ ಕಂಕುಳು ಹರಿದರೆ ತೊಟ್ಟವಳನ್ನೇ ಬಯ್ಯುತ್ತಿದ್ದೆವು.

ಅಂದು ರಾತ್ರಿಯ ಅಡಿಗೆಗೆ ಹಿಟ್ಟು ತೊಳಸಲು ಕೂತೆ. ಹಿಟ್ಟಿನ ಕೋಲನ್ನು ಬಿಗಿಯಾಗಿ ಹಿಡಿದಿದ್ದ ಕೈ ಕಣ್ಣಿಗೆ ಬಿತ್ತು. ಗೆಣ್ಣುಗಳು ಎದ್ದು ನಿಂತಿದ್ದವು. ಕೈಯ ಹಿಂಬದಿ ಅಗಲವಾಗಿ, ಬೇರೆಯವರ ಕೈಯಂತೆ ಕಾಣುತ್ತಿತ್ತು. ಮುದ್ದೆ ಕಟ್ಟಿ ಇಳಿಸಿದವಳೇ, ಕೋಲು ತೊಳೆದು ಎಡಗೈಯಲ್ಲಿ ಹಿಡಿದು, ನಿಮ್ಮಮ್ಮನ ಕೈಗೆ ಟೇಪು ಕೊಟ್ಟೆ.

"ಈಗ ಅಳತೆ ತೆಗಿಯೇ. ಹಿಡ್ಕೊಂಡಿರೋ ಹಂಗೇ."

ಅಂಗೈ ಸುತ್ತಳತೆಯಲ್ಲೇ ಮುಕ್ಕಾಲು ಇಂಚು ಹೆಚ್ಚಿತ್ತು. ಗೆಣ್ಣಿನಿಂದ ಬೆರಳ ತುದಿಗೆ ಹಿಂಬದಿಯಲ್ಲಿ ಕಾಲು ಇಂಚು. ಉಳಿದಿದ್ದ ಇನ್ನೊಂದು ಜೊತೆಯ ಎಡಗೈಯನ್ನು ಆ ಅಳತೆಗೆ ಕತ್ತರಿಸಿದೆ. ಇದನ್ನು ಕೈ ಅಗಲಿಸಿ ನೋಡಿದರೆ ಹಿಂಬದಿಯಲ್ಲಿ ಸುಕ್ಕು, ಏನೇನೂ ಚೆಂದವಿಲ್ಲ. ಮುಷ್ಟಿ ಕಟ್ಟಿದರೆ ಸುಕ್ಕೆಲ್ಲ ಮಾಯ.

ಶುಕ್ರವಾರ ಆ ಕೈಗವಸು ಹಾಕಿಕೊಂಡು ಕೆಲಸ ಮಾಡಿದ ಬೆಳಗು ನನಗೆ ಈಗಲೂ ಮರೆತಿಲ್ಲ. ಮುಳ್ಳು ಚರ್ಮದ ಮೇಲೆ ಕರಕರ ಎಂದು ಜಾರುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಬೆರಳ ತುದಿಗೆ ಮೊಗ್ಗಿನ ಬುಡ ತಿಳಿಯುತ್ತಿತ್ತು. ಊಟದ ಹೊತ್ತಿಗೆ ನನ್ನ ಕೈಯಿಂದ ರಿಜೆಕ್ಟ್ ಬಕೆಟ್ಟಿಗೆ ಹೋದದ್ದು ನಾಲ್ಕೇ ಹೂ. ಅವೂ ಕೊಯ್ಯುವಾಗಲೇ ಗೀರು ಬಿದ್ದವು.

ಆದರೆ ಒಬ್ಬಳ ಹೂ ಮಾತ್ರ ಮುರಿಯದಿದ್ದರೆ ಮೇಜು ಉಳಿಯುವುದಿಲ್ಲ. ಮಧುರೆಯವಳಿಗೆ ಹಳೆಯದೇ ಸರಿಯಿತ್ತು. ಇನ್ನೂ ಆರು ಜನಕ್ಕೆ ಆರು ಕೈಗವಸು ಬೇಕು, ಉಳಿದಿರುವುದು ಒಂದೇ ದಿನ. ಆರನ್ನು ಡಬ್ಬಿಯ ಕೆಳಗೆ ಬಚ್ಚಿಟ್ಟು ಒಯ್ಯಲೂ ಆಗದು, ಒಬ್ಬಳೇ ಹೊಲಿಯಲೂ ಆಗದು. ಕೊನೆಗೆ ಡಬ್ಬಿ ಮುಚ್ಚಿ, ಮೇಲ್ವಿಚಾರಕರು ಕೂತಿದ್ದಲ್ಲಿಗೆ ನಾನೇ ನಡೆದು ಹೋದೆ. ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಕರೆಯದೆ ಅವರ ಬಳಿ ಹೋದದ್ದು ಅದೇ ಮೊದಲು.

ಕೈಗವಸು ಮುಂದಿಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿದರು.

"ಇದು ನಮ್ಮದೇ ಅಲ್ವಾ? ಯಾರು ಕತ್ತರಿಸಿದ್ದು?"

"ನಾನೇ ಸಾರ್. ಮನೆಗೆ ತಗೊಂಡ್ಹೋಗಿದ್ದೆ."

"ಚೀಟಿ ಇಲ್ದೆ ಗೇಟ್ ದಾಟಿಸಿದ್ರಾ? ನೀವಾ ಅಮ್ಮ?" ಅವರ ದನಿಯಲ್ಲಿ ಕೋಪಕ್ಕಿಂತ ಆಶ್ಚರ್ಯವಿತ್ತು. ಶೆಡ್ಡಿನಲ್ಲಿ ಎಲ್ಲರೂ ಊಟ ನಿಲ್ಲಿಸಿ ನೋಡುತ್ತಿದ್ದರು.

ವಾದ ಮಾಡಿ ಗೆಲ್ಲುವ ಬಾಯಿ ನನ್ನದಲ್ಲ. ಸೆರಗಿನಲ್ಲಿ ಸಿಕ್ಕಿಸಿಕೊಂಡಿದ್ದ ಗುಲಾಬಿ ಬಣ್ಣದ ಕೈಗವಸು ತೆಗೆದು ಅವರ ಕೈಗೆ ಕೊಟ್ಟೆ. ಒಂದು ಹೂವಿನ ಕಡ್ಡಿಯನ್ನೂ ಕೊಟ್ಟೆ.

"ಒಂದೇ ಒಂದು ಕಡ್ಡಿ ಬಿಡ್ಸಿ ನೋಡಿ ಸಾರ್."

ಅದು ಅವರ ಕೈಗೆ ಸಲೀಸಾಗಿ ಹೋಯಿತು. ಕಡ್ಡಿ ಹಿಡಿದು ಎಳೆದರು.

"ಅಯ್ಯಮ್ಮಾ!" ಎಂದು ಕೈ ಕೊಡವಿದರು. ಕಡ್ಡಿ ಬೀಳಲಿಲ್ಲ, ನೂಲಿಗೆ ಸಿಕ್ಕಿಕೊಂಡು ಜೋತಾಡಿತು. ಕೊಡವಿದ ರಭಸಕ್ಕೆ ಮೊಗ್ಗು ಮುರಿದು ಮೇಜಿನ ಕೆಳಗೆ ಉರುಳಿತು.

"ರಿಜೆಕ್ಟಿಗೆ ಹಾಕ್ಲಾ ಸಾರ್?" ಮಧುರೆಯವಳು ಬಕೆಟ್ಟು ಮುಂದೆ ಮಾಡಿದಳು.

ಅವರೇ ಮೊದಲು ನಕ್ಕದ್ದು. ಆಮೇಲೆ ಬೆರಳಿನ ರಕ್ತ ಒರೆಸಿಕೊಂಡು, ಚರ್ಮದ ಕೈಗವಸನ್ನು ಮತ್ತೊಮ್ಮೆ ಎತ್ತಿ ನೋಡಿದರು. "ಎಷ್ಟು ಹೊತ್ತು ಬೇಕು ನಿಮಗೆ?" ಎಂದರು.

ಅಂದು ಮಧ್ಯಾಹ್ನ ಎರಡು ಗಂಟೆ ಮೇಜಿಗೆ ರಜೆ ಕೊಟ್ಟರು. ಬಂದ ಹೂವನ್ನು ಬಕೆಟ್ಟಿನಲ್ಲೇ ಕೋಲ್ಡ್ ರೂಮಿಗೆ ಕಳಿಸಿದರು. ಅದು ಅವರಿಗೂ ಸಣ್ಣ ಧೈರ್ಯವಲ್ಲ. ಮೇಲಿನವರು ಬಂದು ಕೇಳಿದ್ದರೆ ಅವರೇ ಉತ್ತರ ಹೇಳಬೇಕಿತ್ತು. ಆರು ಜನವೂ ಒಬ್ಬೊಬ್ಬರಾಗಿ ಕತ್ತರಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತರು, ನಾನು ಅಳತೆ ತೆಗೆದೆ. ಇಬ್ಬರು ಹೊಲಿಗೆ ಬಿಚ್ಚಿದರು, ನಾನು ಕತ್ತರಿಸಿದೆ, ಮಧುರೆಯವಳು ನನ್ನ ಚೀಲದಲ್ಲಿದ್ದ ಉಳಿ ಹಿಡಿದು ತೂತು ಹಾಕಿದಳು. ಅವಳ ಕೈಬಲಕ್ಕೆ ಚರ್ಮ ಹಪ್ಪಳದಂತೆ ತೂತಾಗುತ್ತಿತ್ತು. ಸಂಜೆ ಉಳಿದ ಹೊಲಿಗೆಯನ್ನು ಒಬ್ಬೊಬ್ಬರು ಮನೆಗೆ ಒಯ್ದರು. ಮೇಲ್ವಿಚಾರಕರು ತಾವೇ ಚೀಟಿ ಬರೆದುಕೊಟ್ಟರು. ಒಬ್ಬಳದು ಒರಟಾಗಿ ಬಂದು ಶನಿವಾರ ಬೆಳಿಗ್ಗೆ ಕಿರುಬೆರಳು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಉಳಿದವು ಸರಿಬಂದವು.

ಮಿಕ್ಕಿದ ಗುಲಾಬಿ ಬಣ್ಣದ ಕೈಗವಸುಗಳ ಕಥೆ ಕೇಳಿ. ಕೋಲ್ಡ್ ರೂಮಿನಲ್ಲಿ ಬಕೆಟ್ಟು ಜೋಡಿಸುವ ಒಬ್ಬರಿದ್ದರು, ಮೀಸೆ ತಿರುವಿಕೊಂಡಿರುವ ಆಳು. ಚಳಿಗೆ ಅವರ ಬೆರಳು ಮರಗಟ್ಟುತ್ತಿತ್ತು. ಬಟ್ಟೆಯ ಕೈಗವಸು ಆ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮಧುರೆಯವಳು ಕೊಡಲು ಹೋದರೆ ಅವರು ಹಿಂದೆ ಸರಿದರು.

"ಏ ಹೋಗಮ್ಮೋ, ಇದನ್ನ ಹಾಕ್ಕೊಂಡ್ ನಾನೇನ್ ಓಡಾಡ್ಲಾ?"

"ಬೆಳಗಾದ್ರೆ ಗುಲಾಬಿ ಹೊರ್ತೀಯ, ಗುಲಾಬಿ ಬಣ್ಣಕ್ಕೆ ಹೆದರ್ತೀಯಲ್ಲಣ್ಣ!"

ಮಧ್ಯಾಹ್ನ ನೋಡುವಾಗ ಅವರು ಅದನ್ನು ಹಾಕಿಕೊಂಡಿದ್ದರು, ಒಳಗನ್ನು ಹೊರಗೆ ಮಾಡಿ. ಆ ಕಡೆ ಹೂವಿರಲಿಲ್ಲ, ಬರೀ ಬಿಳಿ. ಲೇಡೀಸ್ ಎಂಬ ಚೀಟಿ ಮಾತ್ರ ಮಣಿಕಟ್ಟಿನ ಹೊರಗೆ ಬಂದು ಎಲ್ಲರಿಗೂ ಕಾಣುತ್ತಿತ್ತು. ಇಂಗ್ಲಿಷ್ ಬರದ ಅವರಿಗೆ ನಾವು ಯಾರೂ ಹೇಳಲಿಲ್ಲ. ಚಿಕ್ಕವನೇ, ನೀನು ಪಿಂಕ್ ಬಾಟಲಿ ಸ್ಕೂಲಿಗೆ ಒಯ್ಯುವುದಿಲ್ಲವೆಂದು ಅತ್ತಾಗ ನಾನು ಗದರಲಿಲ್ಲ. ಅಷ್ಟು ದೊಡ್ಡ ಮೀಸೆಯವರಿಗೇ ಆ ಬಣ್ಣ ಕಷ್ಟವಾಗಿತ್ತು.

ಶನಿವಾರ ಸಂಜೆ ಮೇಲ್ವಿಚಾರಕರು ರಿಜೆಕ್ಟ್ ಬಕೆಟ್ಟಿನ ಬಳಿ ಬಂದರು. ಎಂಟು ಜನದ್ದೂ ಸೇರಿ ಅರ್ಧ ಬಕೆಟ್ಟು ಇತ್ತು. ಹೊಸಕೋಟೆಯ ತಂಡಕ್ಕೆ ಅಲ್ಲಿಂದಲೇ ಫೋನು ಮಾಡಿ ಬೇಡವೆಂದರು. ಸೋಮವಾರದಿಂದ ಹೂವಿನ ಮೇಲೆ ಹೂ ಬಂತು. ಕಾಲು ಊದಿದವು, ಬೆನ್ನು ಬಾಗಿತು. ಮೇಜು ಮಾತ್ರ ನಮ್ಮದಾಗಿಯೇ ಉಳಿಯಿತು. ಬಸ್ ನಿಲ್ದಾಣದ ಹಿರಿಯರಿಗೆ ಉಳಿಯ ಜೊತೆ ಒಂದು ಕಟ್ಟು ಹೂವನ್ನೂ ಒಯ್ದೆ, ಚೀಟಿ ಬರೆಸಿಕೊಂಡೇ. ಅವರು ಅದನ್ನು ಪಾಲಿಷ್ ಡಬ್ಬಿಗೆ ನೀರು ಹಾಕಿ ಇಟ್ಟುಕೊಂಡರು.

ಹೂವಿನ ಗಲಾಟೆ ಮುಗಿದ ಮೇಲೆ ಒಂದು ದಿನ ಮೇಲ್ವಿಚಾರಕರು ಫೋನು ಹಿಡಿದುಕೊಂಡೇ ಮೇಜಿನ ಬಳಿ ಬಂದರು. ಹೊಸ ಚರ್ಮದ ಕೈಗವಸು ತರಿಸಲು ಅಂಗಡಿಯವರೊಂದಿಗೆ ಮಾತಾಡುತ್ತಿದ್ದರು.

"ನನಗೆ ಹೇಳೋಕ್ ಬರ್ತಿಲ್ಲ, ನೀವೇ ಮಾತಾಡಿ ಅಮ್ಮ" ಎಂದು ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ಆ ಕಡೆಯ ದನಿ ಎಲ್ಲರಿಗೂ ಕೇಳುವಂತೆ ಮಾಡಿದ್ದರು.

"ಹೇಳಿ ಮೇಡಂ, ಲೇಡೀಸಾ ಜೆಂಟ್ಸಾ?"

ಅತ್ತಿತ್ತ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಮುಳ್ಳು ಬಿಡಿಸೋರಿಗೆ" ಎಂದೆ.

ಆ ಕಡೆ ಕಾಗದ ತಿರುವಿದ ಸದ್ದಾಯಿತು. "ಹಂಗಾದ್ರೆ ನಂಬರ್ ಹೇಳಿ. ಗಟ್ಟಿ ಚರ್ಮದ್ದು ನಂಬರ್ ಲೆಕ್ಕದಲ್ಲೇ ಸಿಗೋದು. ಅಂಗೈ ಸುತ್ತ ಟೇಪ್ ಹಿಡೀರಿ, ಎಷ್ಟ್ ಇಂಚೋ ಅದೇ ನಂಬರ್."

"ಮೊದ್ಲಿಂದ್ಲೂ ಇತ್ತಾ ಈ ನಂಬರು?"

"ಇತ್ತು ಮೇಡಂ. ಯಾರೂ ಕೇಳ್ತಿರ್ಲಿಲ್ಲ."

ಟೇಪು ತಂದು ಅಲ್ಲೇ ಸುತ್ತಿದೆವು. ನಾನು ಒಂದೊಂದೇ ಹೇಳಿದೆ. ಏಳು. ಏಳು. ಎಂಟು. ಮತ್ತೆ ಏಳು. ಕೊನೆಗೆ ಮಧುರೆಯವಳ ಕೈಗೆ ಟೇಪು ಸುತ್ತಿದಾಗ ಅಂಕಿ ನೋಡಿ ಸ್ವಲ್ಪ ತಡೆದೆ. ಅವಳಿಗೆ ಬೇಸರವಾದೀತೇನೋ ಎಂದು ದನಿ ತಗ್ಗಿಸಿದೆ.

"ಯಾಕಕ್ಕ ಪಿಸುಗುಡ್ತೀಯ?" ಅವಳು ಕೈಯನ್ನು ಇನ್ನಷ್ಟು ಬಿಗಿ ಮಾಡಿ ಮುಷ್ಟಿ ಎತ್ತಿದಳು. "ಹತ್ತು ಅನ್ನು. ಜೋರಾಗಿ ಅನ್ನು!"

ಜೋರಾಗಿ ಅಂದೆ.